ಆರೂ ಮುಕ್ಕಾಲು ಗಂಡಸು

ಮೊದಲೇ ಹೇಳಿಬಿಡುವುದು ಒಳ್ಳೆಯದು: ಇದು ನಿಜವಾಗಿ ನಡೆದ ಕಥೆ. ಕಥೆ ಹೇಳುವವರು ಸಾಮಾನ್ಯವಾಗಿ ಕಿಲೋಗೆ ಇನ್ನೂರು ಗ್ರಾಂ ಸುಳ್ಳು ಬೆರೆಸಿಯೇ ಪೊಟ್ಟಣ ಕಟ್ಟಿಕೊಡುತ್ತಾರೆ. ಆದರೆ ಈ ಕಥೆಯ ನಾಯಕರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು, ಒಂದು ಗ್ರಾಂ ಆಚೀಚೆಯಾದರೂ ನೋಟೀಸು ಜಾರಿ ಮಾಡುವ ಆಸಾಮಿ. ಹಾಗಾಗಿ ಇಲ್ಲಿರುವುದೆಲ್ಲ ನಿವ್ವಳ ತೂಕ. ಪೊಟ್ಟಣದ ಕಾಗದವನ್ನೂ ಸೇರಿಸಿಲ್ಲ.

ಬೀದಿಯವರು ಅವರನ್ನು ತಕ್ಕಡಿ ಸಾಹೇಬರು ಎಂದು ಕರೆಯುತ್ತಿದ್ದರು. ಐವತ್ತೆರಡರ ವಯಸ್ಸು, ಕೈಯಲ್ಲಿ ಹಿತ್ತಾಳೆಯ ತೂಕದ ಬೊಟ್ಟುಗಳ ಮರದ ಪೆಟ್ಟಿಗೆ, ಜೇಬಿನಲ್ಲಿ ಸೀಸದ ಮುದ್ರೆ ಒತ್ತುವ ಇಕ್ಕಳ, ಕಂಕುಳಲ್ಲಿ ಒಂದಡಿ ಮರದ ಪಟ್ಟಿ. ಮನೆಗೆ ಬಿಸ್ಕತ್ತು ತಂದರೆ ಒಡೆಯುವ ಮೊದಲು ತೂಗುತ್ತಿದ್ದರು, ಒಡೆದ ಮೇಲೆ ಖಾಲಿ ಕಾಗದವನ್ನು ತೂಗುತ್ತಿದ್ದರು, ಆಮೇಲೆ ಹಸಿವು ಉಳಿದಿದ್ದರೆ ತಿನ್ನುತ್ತಿದ್ದರು. ಅಂಗಡಿಯವನು ಸುಳ್ಳು ಹೇಳಬಹುದು, ಗಿರಾಕಿ ಸುಳ್ಳು ಹೇಳಬಹುದು, ಆದರೆ ಮುದ್ರೆ ಬಿದ್ದ ಅಂಕಿ ಸುಳ್ಳು ಹೇಳುವುದಿಲ್ಲ ಎಂಬುದು ಅವರ ಬಾಳಿನ ಏಕೈಕ ಸಿದ್ಧಾಂತ. ಅಂಕಿ ಯಾವುದೇ ಇರಲಿ, ತಾನು ಅರ್ಥ ಮಾಡಿಕೊಳ್ಳಬಲ್ಲೆ ಎಂಬುದು ಅವರ ಏಕೈಕ ಜಂಬ.

ಅವರ ವೃತ್ತಿಜೀವನದ ಶಿಖರವೆಂದರೆ ಗುಜರಿಯವನ ಪ್ರಕರಣ. ಗುಜರಿ ಅಂಗಡಿಯ ತಕ್ಕಡಿಯಲ್ಲಿ ತಟ್ಟೆಯ ಅಡಿಗೆ ಹದಿನೆಂಟು ಗ್ರಾಂ ಬಬಲ್ ಗಮ್ ಅಂಟಿದ್ದುದನ್ನು ಅವರು ಬೆರಳಾಡಿಸಿಯೇ ಕಂಡುಹಿಡಿದಿದ್ದರು. ಅದು ಅಲ್ಲಿ ಅಂಟಿದ್ದು ತನಗೆ ಗೊತ್ತೇ ಇರಲಿಲ್ಲ ಎಂದು ಗುಜರಿಯವನು ಕಣ್ಣೀರು ಹಾಕಿದ್ದ. ಆಗ ಸಾಹೇಬರು ಆಡಿದ ಮಾತು ಇಲಾಖೆಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ: "ತಟ್ಟೆ ನಿಂದು, ಅಂಟು ನಿಂದು. ಗೊತ್ತಿರಲಿಲ್ಲ ಅಂದ್ರೆ ತೂಕ ಕಮ್ಮಿ ಆಗುತ್ತಾ?"

ಇಂಥ ಮನುಷ್ಯ ಎರಡು ವರ್ಷದಿಂದ ಮಂಕಾಗಿಹೋಗಿದ್ದರು. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆಯ ಬಣ್ಣ ಪರೀಕ್ಷಿಸುವವರಂತೆ ನಟಿಸುತ್ತಿದ್ದರು. ಬಸ್ಸಿನಲ್ಲಿ ನಿದ್ದೆಹೋಗಿ ಡಿಪೋದಲ್ಲಿ ಏಳುತ್ತಿದ್ದರು. ಒಮ್ಮೆ ಎಣ್ಣೆ ಅಂಗಡಿಯಲ್ಲಿ ಲೀಟರಿನ ಪಾತ್ರೆ ಪರೀಕ್ಷಿಸುತ್ತ ಕುಳಿತಲ್ಲೇ ಗೊರಕೆ ಹೊಡೆದಾಗ, ಅವರನ್ನು ಎಬ್ಬಿಸುವ ಧೈರ್ಯವಿಲ್ಲದ ಅಂಗಡಿಯವನು ತನಗೆ ತಾನೇ ನೋಟೀಸು ಬರೆದುಕೊಂಡು, ಅವರ ಜೇಬಿನ ಮುದ್ರೆ ತೆಗೆದು ಒತ್ತಿಕೊಂಡು, ಮತ್ತೆ ಜೇಬಿಗೇ ಇಟ್ಟಿದ್ದ.

ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಅವರ ನಗು ನಿಂತುಹೋಗಿತ್ತು. ತಕ್ಕಡಿ ಸಾಹೇಬರ ನಗು ಸಾಮಾನ್ಯದ ನಗುವಲ್ಲ. ಮೊದಲು ಹೊಟ್ಟೆಯಲ್ಲಿ ಗುಡುಗಿ, ಆಮೇಲೆ ಗಂಟಲಲ್ಲಿ ಸಿಡಿದು, ಕೊನೆಗೆ ಕಿಟಕಿಯ ಗಾಜಿಗೆ ತಲುಪುತ್ತಿತ್ತು. ಮೇಲಿನ ಮಹಡಿಯ ನಿವೃತ್ತ ಹೆಡ್‌ಮಿಸ್ಸು ಆ ನಗು ಕೇಳಿದಾಗಲೆಲ್ಲ ತಮ್ಮ ಊರುಗೋಲಿನಿಂದ ನೆಲಕ್ಕೆ ಮೂರು ಸಲ ಕುಟ್ಟುತ್ತಿದ್ದರು. ಎರಡು ವರ್ಷದಿಂದ ಆ ಕೋಲಿಗೂ ಕೆಲಸವಿರಲಿಲ್ಲ. ಮನೆಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದ ಹೆಂಡತಿ, ಮಿಷನ್ನಿನ ಸದ್ದು ಬಿಟ್ಟರೆ ಬೇರೆ ಸದ್ದೇ ಇಲ್ಲದ ಮನೆಯಲ್ಲಿ ಕುಳಿತು ಸಾಕಾಗಿ, ಒಂದು ದಿನ ಅವರನ್ನು ಡಾಕ್ಟರಮ್ಮನ ಬಳಿಗೆ ಎಳೆದುಕೊಂಡು ಹೋದರು.

ಡಾಕ್ಟರಮ್ಮ ಬೇರೆ ಬೇರೆ ದಿನ ಎರಡು ಸಲ ಬೆಳಗಿನ ಹೊತ್ತು ರಕ್ತ ತೆಗೆಸಿದರು. ಗಂಡಸರಲ್ಲಿ ಮುನ್ನೂರರಿಂದ ಸಾವಿರದವರೆಗೆ ಇರಬೇಕಾದ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನು ಸಾಹೇಬರಲ್ಲಿ ನೂರ ಎಂಬತ್ತಿತ್ತು. ತೂಕದಲ್ಲಿ ಮೋಸ ಎಂದು ನೋಟೀಸು ಕೊಡೋಣವೆಂದರೆ ಸಾಹೇಬರಿಗೆ ಯಾರೂ ಸಿಗಲಿಲ್ಲ. ದಿನಕ್ಕೊಂದು ಪುಟ್ಟ ಪೊಟ್ಟಣದ ಜೆಲ್ ಬರೆದುಕೊಟ್ಟ ಡಾಕ್ಟರಮ್ಮ, ಬೆಳಿಗ್ಗೆ ಭುಜಕ್ಕೆ ಹಚ್ಚಬೇಕು, ಕೈ ತೊಳೆಯಬೇಕು, ಒಣಗಿದ ಮೇಲೆ ಅಂಗಿ ಹಾಕಬೇಕು, ಮೂರು ತಿಂಗಳ ಮೇಲೆ ಮತ್ತೆ ರಕ್ತ ನೋಡೋಣ ಎಂದರು.

ಸಾಹೇಬರು ಸುಮ್ಮನೆ ಹಚ್ಚುವವರಲ್ಲ. ಪೊಟ್ಟಣವನ್ನು ಸರಿಯಾಗಿ ಎರಡು ಪಾಲು ಮಾಡಿ, ತಕ್ಕಡಿಯ ಎರಡು ತಟ್ಟೆಗೆ ಹಾಕುವಂತೆ ಎಡಗೈಗೆ ಅರ್ಧ, ಬಲಗೈಗೆ ಅರ್ಧ ಹಂಚುತ್ತಿದ್ದರು. ಭುಜವೊಂದಕ್ಕೇ ಹಚ್ಚಿದರೆ ಮಿಕ್ಕ ತೋಳಿಗೆ ಅನ್ಯಾಯವಾಗುತ್ತದೆಂದು ಮರದ ಪಟ್ಟಿ ಇಟ್ಟು, ಭುಜದಿಂದ ಮೊಣಕೈ ಮಡಿಕೆಯವರೆಗೆ ಇಂಚು ಇಂಚಿಗೂ ಸಮನಾಗಿ ತೀಡುತ್ತಿದ್ದರು. ಈ ವಿಷಯ ಓದುಗರ ನೆನಪಿನಲ್ಲಿರಲಿ. ಸಾಹೇಬರ ನೆನಪಿಗೆ ಬರಲು ಇನ್ನೂ ಸಮಯವಿದೆ.

ಜೆಲ್ ಕೆಲಸ ಮಾಡಿತು. ಮೆಟ್ಟಿಲ ನಡುವಿನ ಗೋಡೆಯ ಬಣ್ಣದಲ್ಲಿ ಅವರಿಗೆ ಆಸಕ್ತಿ ಹೋಯಿತು. ಬಸ್ಸಿನಲ್ಲಿ ಸರಿಯಾದ ನಿಲ್ದಾಣದಲ್ಲಿ ಇಳಿಯತೊಡಗಿದರು. ಮೂರನೆಯ ತಿಂಗಳಲ್ಲಿ ಒಂದು ದಿನ, ದಪ್ಪ ಗಿರಾಕಿಯೊಬ್ಬರು ಮದುವೆಗೆ ಮುಂಚಿನ ಅಳತೆಯಲ್ಲೇ ಹೊಲಿದುಕೊಡಿ ಎಂದು ಹಟ ಹಿಡಿದ ಕಥೆಯನ್ನು ಹೆಂಡತಿ ಹೇಳಿದಾಗ, ಸಾಹೇಬರ ಹೊಟ್ಟೆಯಲ್ಲಿ ಏನೋ ಸಣ್ಣಗೆ ಗುಡುಗಿತು. ಪೂರ್ತಿ ನಗುವಲ್ಲ, ನಗುವಿನ ಮುಂಗಡ ಕಂತು. ಹೆಂಡತಿಯ ಕೈಯಿಂದ ಕತ್ತರಿ ಬಿತ್ತು.

ಆಮೇಲಿನ ಸೋಮವಾರ ಮರುಪರೀಕ್ಷೆ. ಬೆಳಿಗ್ಗೆ ಆರಕ್ಕೆ ಜೆಲ್ ಹಚ್ಚಿಕೊಂಡು ಎಂಟಕ್ಕೆ ರಕ್ತ ಕೊಟ್ಟು ಬಂದರು. ಯಾವ ಕೈ ಎಂದು ನರ್ಸಮ್ಮ ಕೇಳಿದ್ದಕ್ಕೆ, ಎರಡೂ ಸಮ ಎಂದು ಹೆಮ್ಮೆಯಿಂದ ಹೇಳಿದ್ದರು. ಸಂಜೆ ಫೋನಿಗೆ ರಿಪೋರ್ಟ್ ಬಂತು. ಸಾಹೇಬರು ಕನ್ನಡಕ ಏರಿಸಿ ಓದಿದರು. ಕನ್ನಡಕ ಒರೆಸಿ ಓದಿದರು. ಹೆಂಡತಿಯ ಕನ್ನಡಕ ಹಾಕಿಕೊಂಡು ಓದಿದರು. ಟೆಸ್ಟೋಸ್ಟಿರಾನ್ ಎಂಬ ಸಾಲಿನ ಮುಂದೆ ಕೆಂಪಕ್ಷರದಲ್ಲಿ, ಮೇಲಕ್ಕೆ ಬಾಣದ ಗುರುತಿನೊಂದಿಗೆ, ಆರು ಸಾವಿರದ ಎಂಟುನೂರ ನಲವತ್ತು ಎಂದಿತ್ತು. ಅದರ ಕೆಳಗೆ ಇನ್ನೂ ಏಳೆಂಟು ಸಾಲು ಕಪ್ಪಕ್ಷರದ ಸಾಧು ಅಂಕಿಗಳಿದ್ದವು; ಅವುಗಳ ಕಡೆ ಸಾಹೇಬರು ತಿರುಗಿಯೂ ನೋಡಲಿಲ್ಲ.

ಹೆಂಡತಿ ಮಿಷನ್ ನಿಲ್ಲಿಸಿ ಬಂದು ಇಣುಕಿದರು. "ಸಾವಿರಕ್ಕೆ ಒಬ್ಬ ಗಂಡಸು ಅಂದ್ರೆ, ಇದು ಎಷ್ಟಾಯ್ತು ರೀ? ಆರೂ ಮುಕ್ಕಾಲು?"

"ಆರು ದಶಾಂಶ ಎಂಟು ನಾಲ್ಕು," ಎಂದರು ಸಾಹೇಬರು. ಎಂಥ ಆಘಾತದಲ್ಲೂ ಅವರು ಭಿನ್ನರಾಶಿಯನ್ನು ಸಹಿಸುತ್ತಿರಲಿಲ್ಲ.

ಹೆಂಡತಿ ಅವರನ್ನು ಮೇಲಿನಿಂದ ಕೆಳಗೆ ನೋಡಿದರು. ನಿನ್ನೆಯಷ್ಟೇ ಗ್ಯಾಸ್ ಸಿಲಿಂಡರನ್ನು ಅಡುಗೆಮನೆಗೆ ಸಾಗಿಸಲು ಈ ಆರೂ ಮುಕ್ಕಾಲು ಜನ ಹೊಸಿಲಲ್ಲಿ ಎರಡು ಸಲ ಸುಧಾರಿಸಿಕೊಂಡಿದ್ದನ್ನು ಅವರು ಮರೆತಿರಲಿಲ್ಲ. "ಇದ್ಯಾಕೋ ಸ್ವೆಟರ್ ಮೇಲೆ ಅಳತೆ ತಗೊಂಡ ಹಾಗಿದೆ," ಎಂದರು. "ನನ್ನ ಹತ್ರ ಬರೋರೂ ಹೀಗೇ. ದಪ್ಪ ಬಟ್ಟೆ ಮೇಲೆ ಟೇಪ್ ಹಿಡಿದು ಬರೆದು ತರ್ತಾರೆ, ಆಮೇಲೆ ಅಂಗಿಯಲ್ಲಿ ಇಬ್ಬರು ಹಿಡಿತಾರೆ."

ಸಾಹೇಬರು ಆ ಮಾತನ್ನು ಕೈಸನ್ನೆಯಲ್ಲೇ ತಳ್ಳಿಹಾಕಿದರು. ಇದು ಹೊಲಿಗೆಯ ಅಳತೆಯಲ್ಲ, ನ್ಯಾನೊಗ್ರಾಂ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲು. ಅಷ್ಟು ಸೂಕ್ಷ್ಮವಾಗಿ ತೂಗಬಲ್ಲ ಯಂತ್ರಕ್ಕೆ ಸ್ವೆಟರ್ ಯಾವುದು ಮೈ ಯಾವುದು ಎಂದು ತಿಳಿಯದೇ ಎಂದು ಉಪನ್ಯಾಸ ಕೊಟ್ಟರು. ಕೊಡುತ್ತಿದ್ದಂತೆ ಇನ್ನೊಂದು ಲೆಕ್ಕ ಹೊಳೆಯಿತು. ಅಂಕಿ ನಿಜವಾದರೆ ಡಾಕ್ಟರಮ್ಮ ಜೆಲ್ ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಮತ್ತೆ ಗೋಡೆಯ ಬಣ್ಣ, ಮತ್ತೆ ಡಿಪೋ, ಮತ್ತೆ ಮಿಷನ್ನಿನ ಸದ್ದು ಮಾತ್ರದ ಮನೆ. ಆಸ್ಪತ್ರೆಗೆ ಫೋನ್ ಮಾಡಿದರೆ, ಡಾಕ್ಟರಮ್ಮ ಊರಲ್ಲಿಲ್ಲ, ಗುರುವಾರ ಬನ್ನಿ, ಅಲ್ಲಿಯವರೆಗೆ ಜೆಲ್ ಹಚ್ಚಬೇಡಿ ಎಂಬ ಉತ್ತರ ಬಂತು. ಸಾಹೇಬರಿಗೆ ತೀರ್ಪಿನ ಅರ್ಧ ಭಾಗ ಈಗಲೇ ಓದಿದಂತಾಯಿತು.

ಇಲ್ಲಿಗೇ ನಿಂತಿದ್ದರೆ ಇದು ವೈದ್ಯಕೀಯ ಪ್ರಕರಣವಾಗಿ ಮುಗಿಯುತ್ತಿತ್ತು. ಆದರೆ ಹೆಂಡತಿಗೆ ಒಬ್ಬ ತಮ್ಮನಿದ್ದ. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆ ಎಂದು ಮೈಕಿನಲ್ಲಿ ಕೂಗುವುದು ಅವನ ಉದ್ಯೋಗ. ಮಿಕ್ಕ ಸಮಯದಲ್ಲಿ ಊರಿನವರ ದನಿಯನ್ನೆಲ್ಲ ಅಣಕಿಸುವುದು ಅವನ ಕಸುಬು. ಕುಕ್ಕರಿನ ಮೂರನೆಯ ಸೀಟಿಯನ್ನು ಎಷ್ಟು ಚೆನ್ನಾಗಿ ಹೊಡೆಯುತ್ತಿದ್ದನೆಂದರೆ, ಅವನು ಬಂದ ದಿನ ಅಕ್ಕನ ಮನೆಯಲ್ಲಿ ಬೇಳೆ ಬೇಯುತ್ತಲೇ ಇರಲಿಲ್ಲ. ಅಕ್ಕ ಮಂಗಳವಾರ ಬೆಳಿಗ್ಗೆ ಅವನಿಗೆ ಫೋನ್ ಮಾಡಿ, ಅಂಕಿ, ಗುರುವಾರದ ಭೇಟಿ ಎಲ್ಲ ಹೇಳಿ, ಗಂಡ ಮಂಕಾಗಿ ಕೂತಿದ್ದಾರೆ, ಒಂದಿಷ್ಟು ಮಾತಾಡಿಸಿ ನಗಿಸು ಎಂದರು. ಅವನು ಮಾತಾಡಿಸಿದ. ಭಾವಮೈದುನನಾಗಿ ಅಲ್ಲ.

"ಪ್ರಯೋಗಾಲಯದ ಮುಖ್ಯ ಅಳತೆ ಅಧಿಕಾರಿ ಮಾತಾಡ್ತಾ ಇರೋದು," ಎಂದಿತು ಗೊತ್ತಿಲ್ಲದ ನಂಬರಿನಿಂದ ಬಂದ ಫೋನಿನಲ್ಲಿ ಒಂದು ಗಂಭೀರ ದನಿ. ಪ್ರತಿ ಪದಕ್ಕೂ ಮುನ್ನ ಗಂಟಲು ಸರಿಪಡಿಸಿಕೊಳ್ಳುವ, ಮೂವತ್ತು ವರ್ಷ ಸರ್ವೀಸಾದ ದನಿ. "ತಮ್ಮ ಅಂಕಿ ನಮ್ಮ ಟೇಬಲ್ಲಿಗೆ ಬಂದಿದೆ."

ಬೇರೆ ಯಾವ ಹುದ್ದೆ ಹೇಳಿದ್ದರೂ ಸಾಹೇಬರಿಗೆ ಅನುಮಾನ ಬರುತ್ತಿತ್ತೇನೋ. ಮುಖ್ಯ ಅಳತೆ ಅಧಿಕಾರಿ ಎಂದ ಕೂಡಲೇ ಅವರು ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಂಡರು. ಆ ಕಡೆಯಿಂದ ದೂರದಲ್ಲಿ ಬಸ್ಸೊಂದು ಹಾರನ್ ಹೊಡೆದು ಹೊರಟ ಸದ್ದು ಕೇಳಿಸಿತು. ಪ್ರಯೋಗಾಲಯ ಬಸ್ ನಿಲ್ದಾಣದ ಹತ್ತಿರವಿರಬೇಕು ಎಂದುಕೊಂಡರು.

ಮುಖ್ಯ ಅಳತೆ ಅಧಿಕಾರಿಯ ಅಪ್ಪಣೆ ಹೀಗಿತ್ತು: ಗುರುವಾರದವರೆಗೆ ಎರಡೂ ಕೈಗೆ ಕೈಗವಸು ಧರಿಸಬೇಕು. ಭಾರ ಎತ್ತಬಾರದು, ವಾದ ಮಾಡಬಾರದು. ಏರು ದನಿಯಲ್ಲಿ ಮಾತಾಡಕೂಡದು, ನಗಕೂಡದು. ಇಷ್ಟು ಪ್ರಮಾಣ ಮೈಯಲ್ಲಿಟ್ಟುಕೊಂಡೂ ಶಾಂತವಾಗಿದ್ದೇನೆ ಎಂಬುದಕ್ಕೆ ಇಬ್ಬರು ನೆರೆಯವರು ಮತ್ತು ಒಬ್ಬ ಮೇಲಧಿಕಾರಿಯ ಸಹಿಯಿರುವ ಶಾಂತಸ್ವಭಾವ ದೃಢೀಕರಣ ಪತ್ರವನ್ನು ಡಾಕ್ಟರಿಗೆ ಒಪ್ಪಿಸಬೇಕು. ಒಪ್ಪಿಸದಿದ್ದರೆ ಚಿಕಿತ್ಸೆ ಮುಂದುವರಿಸುವ ಅರ್ಜಿಯನ್ನು ಪರಿಶೀಲಿಸಲಾಗುವುದಿಲ್ಲ.

ಮೂರು ಪ್ರತಿಯಲ್ಲೋ ಎಂದು ಸಾಹೇಬರು ಕೇಳಿದರು. ಆ ಕಡೆ ಸ್ವಲ್ಪ ಹೊತ್ತು ಕೆಮ್ಮು ಕೇಳಿಸಿತು. ನಗು ನುಂಗುವವರು ಸಾಮಾನ್ಯವಾಗಿ ಅಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ. ಆಮೇಲೆ ದನಿ ಹೇಳಿತು, ನಾಲ್ಕು.

ಮನೆಯಲ್ಲಿದ್ದ ಏಕೈಕ ಕೈಗವಸೆಂದರೆ ಪಾತ್ರೆ ತೊಳೆಯುವ ಹಳದಿ ರಬ್ಬರಿನದು, ಮೊಣಕೈವರೆಗೆ ಬರುವಂಥದ್ದು. ಸಾಹೇಬರು ಅದನ್ನು ಏರಿಸಿಕೊಂಡು, ಪತ್ರದ ನಾಲ್ಕು ಪ್ರತಿ ಬರೆದು, ರಿಪೋರ್ಟಿನ ನಕಲು ಲಗತ್ತಿಸಿ, ಮೊದಲು ಮೇಲಿನ ಮಹಡಿಗೆ ಹೋದರು.

ಹೆಡ್‌ಮಿಸ್ಸು ಬಾಗಿಲಿನ ಸರಪಳಿ ತೆಗೆಯದೆ, ಸಂದಿಯಿಂದಲೇ ಕಾಗದ ಪಡೆದು, ಮೊದಲು ಎರಡು ಕಾಗುಣಿತ ತಿದ್ದಿದರು. ಆಮೇಲೆ ಅಂಕಿ ನೋಡಿ ಅವರ ಕನ್ನಡಕ ಮೂಗಿನ ತುದಿಗೆ ಜಾರಿತು.

"ಇದು ಎಷ್ಟಕ್ಕೆ ಎಷ್ಟು?"

ಸಾಹೇಬರು ಅಪ್ಪಣೆಯಂತೆ ಪಿಸುಮಾತಿನಲ್ಲೇ ಹೇಳಿದರು, ಸಾವಿರಕ್ಕೆ ಆರು ಸಾವಿರದ ಎಂಟುನೂರ ನಲವತ್ತು.

"ಮೂವತ್ತಾರು ವರ್ಷ ಪಾಠ ಮಾಡಿದೀನಿ. ಸಾವಿರಕ್ಕೆ ಆರು ಸಾವಿರ ನಾನು ಯಾರಿಗೂ ಕೊಟ್ಟಿಲ್ಲ. ಪಕ್ಕದವರದ್ದು ನೋಡಿ ಬರೆದಿರ್ಬೇಕು."

ಪಕ್ಕದಲ್ಲಿ ರಕ್ತ ಕೊಡುತ್ತಿದ್ದವರು ಒಬ್ಬ ಅಜ್ಜಿ ಎಂದು ಸಾಹೇಬರು ವಿವರಿಸಲು ಹೋದರು. ಅದು ವಾದವಾಗುತ್ತದೆಂದು ನೆನಪಾಗಿ ಸುಮ್ಮನಾದರು. ಹೆಡ್‌ಮಿಸ್ಸು ಅವರ ಹಳದಿ ಕೈಗಳನ್ನು ನೋಡಿ, ಮೂರು ಮೆಟ್ಟಿಲು ಕೆಳಗಿಳಿದು ನಿಲ್ಲಲು ಹೇಳಿದರು. ನಂತರ ಸಹಿ ಹಾಕಿದರು, ಆದರೆ ಷರತ್ತಿನ ಮೇಲೆ: "ಎರಡು ವರ್ಷದಿಂದ ಸದರಿಯವರ ಗದ್ದಲವಿರುವುದಿಲ್ಲ. ಸದರಿಯವರ ನಗು ಮತ್ತೆ ಕೇಳಿಬಂದಲ್ಲಿ ಈ ಪತ್ರ ರದ್ದು." ಬಾಗಿಲು ಮುಚ್ಚಿದ ಮೇಲೆ ಒಳಗೆ ಕುರ್ಚಿಯೊಂದನ್ನು ಎಳೆದು ಬಾಗಿಲಿಗೆ ಒತ್ತಿದ ಸದ್ದು ಕೇಳಿಸಿತು. ನಂತರ ಟೇಬಲ್ಲಿನದು.

ಎರಡನೆಯ ನೆರೆಯವನು ನೆಲಮಹಡಿಯಲ್ಲಿ ವ್ಯಾಯಾಮಶಾಲೆ ಇಟ್ಟಿದ್ದ ಕಬ್ಬಿಣದಣ್ಣ. ಬಾಗಿಲಿಗಿಂತ ಅಗಲವಾದ್ದರಿಂದ ಒಳಹೋಗುವಾಗ ಓರೆಯಾಗಿ ಹೋಗುತ್ತಿದ್ದ. ಅಂಕಿ ಓದಿದವನೇ ತಾನು ಎತ್ತುತ್ತಿದ್ದ ಭಾರವನ್ನು ಕೆಳಗಿಟ್ಟು, ತಾನೂ ಅದರ ಮೇಲೆ ಕುಳಿತ.

"ಸಾರ್," ಎಂದ, "ಹದಿನೈದು ವರ್ಷದಿಂದ ಕಬ್ಬಿಣ ಎತ್ತುತಾ ಇದೀನಿ. ನಂದು ಆರುನೂರ ಹತ್ತು. ಕಟ್ಟು ಹಾಕ್ಸಿ ಗೋಡೆಗೆ ನೇತುಹಾಕಿದೀನಿ." ನಿಜವಾಗಿಯೂ ಗೋಡೆಯ ಮೇಲೆ ಅವನ ರಕ್ತದ ರಿಪೋರ್ಟು ಚೌಕಟ್ಟಿನಲ್ಲಿ ಕೂತಿತ್ತು. ಅವನು ಎದ್ದು ಅದನ್ನು ಗೋಡೆ ಕಡೆಗೆ ತಿರುಗಿಸಿಬಿಟ್ಟ.

ಅಲ್ಲಿದ್ದ ಪೈಲ್ವಾನರೆಲ್ಲ ಸಾಹೇಬರ ಸುತ್ತ ನೆರೆದರು. ಸಾಹೇಬರ ಬಡಕಲು ತೋಳನ್ನು ನೋಡಿ, ನಿಜವಾದ ಶಕ್ತಿ ಹೊರಗೆ ಕಾಣುವುದಿಲ್ಲ ಎಂದು ಒಬ್ಬ ಪಿಸುಗುಟ್ಟಿದ. ಬೆಳಿಗ್ಗೆ ಏನು ತಿನ್ನುತ್ತೀರಿ ಎಂದು ಇನ್ನೊಬ್ಬ ಕೇಳಿದ. ಎರಡು ಸ್ಲೈಸ್ ಬ್ರೆಡ್ಡು ಎಂದರು ಸಾಹೇಬರು. ಅಂದು ಸಂಜೆಯೊಳಗೆ ಆ ಬೀದಿಯ ಬೇಕರಿಯಲ್ಲಿ ಬ್ರೆಡ್ಡು ಮುಗಿದುಹೋಗಿತ್ತೆಂದು ವರದಿಯಾಗಿದೆ.

ಕಬ್ಬಿಣದಣ್ಣ ಭಕ್ತಿಯಿಂದ ಹತ್ತು ಕಿಲೋ ಎಂದು ಬರೆದಿದ್ದ ಡಂಬೆಲ್ ಒಂದನ್ನು ತಂದು, ಒಂದು ಸಲ ಮುಟ್ಟಿಕೊಡಿ ಸಾರ್ ಎಂದ. ಸಾಹೇಬರು ಹಳದಿ ಕೈಯಲ್ಲಿ ಅದನ್ನು ಹಿಡಿದರು. ಹಿಡಿದ ಕೂಡಲೇ ಮೈಯಲ್ಲಿ ಮಿಂಚು ಹರಿಯಿತು. ಇಪ್ಪತ್ತೆಂಟು ವರ್ಷದ ಅನುಭವದ ಕೈ ಸುಳ್ಳು ಹೇಳದು. ಅದು ಒಂಬತ್ತು ಕಿಲೋ ಆರುನೂರು ಗ್ರಾಂ. ನಾನೂರು ಗ್ರಾಂ ಕಡಿಮೆ. ಹಾಡಹಗಲಿನ ಮೋಸ. ಬಾಯಿ ತೆರೆದರು. ಕೈಯಲ್ಲಿ ಶಾಂತಸ್ವಭಾವದ ಪತ್ರವಿತ್ತು, ಸಹಿ ಇನ್ನೂ ಬಿದ್ದಿರಲಿಲ್ಲ. ಬಾಯಿ ಮುಚ್ಚಿದರು. ಹಣೆಯ ಮೇಲೆ ಬೆವರು ಸಾಲುಗಟ್ಟಿತು, ಕಣ್ಣು ಕೆಂಪಾಯಿತು, ಹಲ್ಲು ಕಟಕಟಿಸಿತು. ನೋಡುತ್ತಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

"ಏನು ಕಂಟ್ರೋಲು," ಎಂದ ಕಬ್ಬಿಣದಣ್ಣ, ಮತ್ತು ನಾಲ್ಕೂ ಪ್ರತಿಗೆ ಸಹಿ ಹಾಕಿದ.

ಬುಧವಾರ ಕಚೇರಿ. ಮೇಲಧಿಕಾರಿಗಳಾದ ಉಪನಿಯಂತ್ರಕರು ಯಾವ ಕಾಗದ ಬಂದರೂ "ಪರಿಶೀಲಿಸಿ ಮಂಡಿಸಿ" ಎಂದು ಬರೆದು ವಾಪಸು ಕಳಿಸುವವರು. ಸಾಹೇಬರ ಮೇಜಿನ ಮೇಲಿನ ಫ್ಯಾನು ಕೆಟ್ಟು ಮೂರು ವರ್ಷವಾಗಿತ್ತು. ಅದರ ಕಡತ ಆರು ಸಲ ಪರಿಶೀಲನೆಗೊಂಡು ಆರು ಸಲ ಮಂಡನೆಯಾಗಿತ್ತು. ಉಪನಿಯಂತ್ರಕರು ಹಳದಿ ಕೈ ನೋಡಿದರು, ಅಂಕಿ ನೋಡಿದರು, ತಮ್ಮ ಚಕ್ರದ ಕುರ್ಚಿಯನ್ನು ಸದ್ದಿಲ್ಲದೆ ಕಿಟಕಿಯವರೆಗೆ ಹಿಂದಕ್ಕೆ ಸರಿಸಿಕೊಂಡರು. ಅವರೂ ಅಳತೆಯ ಮನುಷ್ಯರೇ ಆದ್ದರಿಂದ ಒಂದೇ ಪ್ರಶ್ನೆ ಕೇಳಿದರು.

"ಸೀಲ್ ಇದೆಯೇನ್ರೀ?"

ಇತ್ತು. ಕಾಗದದ ಕೆಳಗೆ ದುಂಡಗೆ, ನೇರಳೆ ಬಣ್ಣದಲ್ಲಿ, ಎಲ್ಲೂ ಮಸುಕಾಗದೆ ಇತ್ತು. ಇಬ್ಬರು ಅಧಿಕಾರಿಗಳೂ ಆ ಮುದ್ರೆಯ ಮುಂದೆ ತಲೆತಗ್ಗಿಸಿದರು. ಮುದ್ರೆ ಬಿದ್ದ ಮೇಲೆ ಇಲಾಖೆಯಲ್ಲಿ ಮಾತಿಲ್ಲ.

ಉಪನಿಯಂತ್ರಕರು ಸಹಿ ಹಾಕಿದರು. ತೋಳು ಚಾಚಿ ದೂರದಿಂದಲೇ ಹಾಕಿದ್ದರಿಂದ ಅದು ಬೇರೆ ಯಾರದ್ದೋ ಸಹಿಯಂತೆ ಕಂಡಿತು. ಆಮೇಲೆ ಕೇಳದೆಯೇ ಡ್ರಾಯರಿನಿಂದ ಫ್ಯಾನಿನ ಕಡತ ತೆಗೆದು ಅದಕ್ಕೂ ಸಹಿ ಹಾಕಿದರು. ಸಾಹೇಬರು ಪಿಸುಮಾತಿನಲ್ಲಿ ಥ್ಯಾಂಕ್ಸ್ ಸಾರ್ ಎಂದದ್ದು ಅವರಿಗೆ ಹೇಗೆ ಕೇಳಿಸಿತೋ, ಗೋಡೆಗಡಿಯಾರ ಮತ್ತು ಹೊಸ ಕುರ್ಚಿಯ ಕಡತವನ್ನೂ ತರಿಸಿದರು.

ಮಧ್ಯಾಹ್ನದ ಹೊತ್ತಿಗೆ ಫ್ಯಾನು ತಿರುಗುತ್ತಿತ್ತು. ಅದರ ಕೆಳಗೆ ಸಾಹೇಬರು ರಬ್ಬರ್ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಬಾಳಿನಲ್ಲಿ ಮೊದಲ ಬಾರಿಗೆ ಎಲ್ಲರ ಭಯಭಕ್ತಿಗೆ ಪಾತ್ರರಾಗಿ, ಅಳುವವರಂತೆ ಕುಳಿತಿದ್ದರು. ಎರಡು ದಿನ ಜೆಲ್ ಇಲ್ಲದ ಭುಜ ಆಗಲೇ ಭಾರವೆನಿಸುತ್ತಿತ್ತು, ಅಥವಾ ಹಾಗೆ ಎನಿಸುತ್ತಿದೆಯೆಂದು ಅವರಿಗೆ ಎನಿಸುತ್ತಿತ್ತು. ಸಂಜೆ ಹೆಂಡತಿ ಆ ದಪ್ಪ ಗಿರಾಕಿಯ ಕಥೆಯ ಮುಂದಿನ ಭಾಗವನ್ನು ಹೇಳಿದರು. ಹೊಲಿದ ಅಂಗಿಯೊಳಗೆ ಹೋದ ಗಿರಾಕಿ ಹೊರಗೆ ಬರಲಾಗದೆ, ಅಂಗಿಸಮೇತ ಬಸ್ಸು ಹತ್ತಿದ ಕಥೆ. ಸಾಹೇಬರು ಕೆನ್ನೆ ಕಚ್ಚಿಕೊಂಡು, ನಗಕೂಡದೆಂದು ಅಪ್ಪಣೆಯಾಗಿದೆ ಎಂಬುದನ್ನು ಹೇಳಲಾರದೆ, ಎದ್ದು ಒಳಗೆ ಹೋದರು. ಹೆಂಡತಿ ಮಿಷನ್ನಿನ ಮುಂದೆ ಕುಳಿತರು, ಆದರೆ ತುಳಿಯಲಿಲ್ಲ.

ಗುರುವಾರ ಹತ್ತು ಗಂಟೆಗೆ ಗಂಡಹೆಂಡಿರು ಡಾಕ್ಟರಮ್ಮನ ಎದುರು ಕುಳಿತರು. ಸಾಹೇಬರು ಪತ್ರದ ನಾಲ್ಕು ಪ್ರತಿಗಳನ್ನು ಮೇಜಿನ ಮೇಲೆ ಅಂಚು ಸರಿಹೊಂದಿಸಿ ಇಟ್ಟು, ಸಣ್ಣ ದನಿಯಲ್ಲಿ ಕೇಳಿದರು: "ನಿಲ್ಲಿಸ್ತೀರಾ ಡಾಕ್ಟ್ರೇ?"

ಡಾಕ್ಟರಮ್ಮ ಪತ್ರ ನೋಡಲಿಲ್ಲ, ರಿಪೋರ್ಟ್ ನೋಡಿದರು. ಕೆಂಪು ಸಾಲಿನ ಮೇಲೆ ಅವರ ಕಣ್ಣು ಒಂದು ಕ್ಷಣವೂ ನಿಲ್ಲಲಿಲ್ಲ; ಕೆಳಗಿನ ಸಾಧು ಅಂಕಿಗಳನ್ನು ಒಂದೊಂದಾಗಿ ಮಾತಾಡಿಸಿದರು. ಜೆಲ್ ಅತಿಯಾಗಿದ್ದರೆ ಮೊದಲು ರಕ್ತ ಮಂದವಾಗಬೇಕಿತ್ತು ಎಂದರು; ಕೆಂಪು ಕಣಗಳ ಪಾಲು ನೂರಕ್ಕೆ ನಲವತ್ತೇಳು, ಸರಿಯಾಗಿದೆ. ಪ್ರಾಸ್ಟೇಟಿನ ಅಂಕಿ ಮೊದಲಿದ್ದಷ್ಟೇ. ಬಿ.ಪಿ. ಅಲ್ಲೇ ನೋಡಿದರು, ಸರಿಯಾಗಿತ್ತು. ಒಂದು ಅಂಕಿ ಆಕಾಶಕ್ಕೆ ಹಾರಿ ಮಿಕ್ಕವೆಲ್ಲ ನೆಲದ ಮೇಲೇ ಕೂತಿದ್ದರೆ ಮೊದಲು ಹಾರಿದ್ದನ್ನು ಅನುಮಾನಿಸಬೇಕು ಎಂದು, ಕೈಗವಸು ಬಿಚ್ಚಿ ಜೆಲ್ ಹೇಗೆ ಹಚ್ಚುತ್ತೀರಿ ತೋರಿಸಿ ಎಂದರು.

ಸಾಹೇಬರಿಗೆ ಇದ್ದಕ್ಕಿದ್ದಂತೆ ಉತ್ಸಾಹ ಬಂತು. ಹಳದಿ ರಬ್ಬರು ಕಿತ್ತು, ತೋಳು ಏರಿಸಿ, ಪಟ್ಟಿಯನ್ನು ಭುಜದಿಂದ ಹಿಡಿದು, ಇಂಚು ಇಂಚಿಗೂ ಸಮನಾಗಿ, ಒಂದು ಹನಿಯೂ ಪೋಲಾಗದಂತೆ, ಇಗೋ ಇಲ್ಲಿಯವರೆಗೆ ಎಂದು ಮೊಣಕೈ ಮಡಿಕೆಗೆ ಬೆರಳು ತಂದು ನಿಲ್ಲಿಸಿದರು. ಬೆರಳು ನಿಂತ ಜಾಗದಲ್ಲಿ ಒಂದು ಪುಟ್ಟ ದುಂಡನೆಯ ಬ್ಯಾಂಡೇಜು ಇತ್ತು. ಸೋಮವಾರದ್ದು.

ಸಾಹೇಬರು ಬೆರಳು ನೋಡಿದರು, ಬ್ಯಾಂಡೇಜು ನೋಡಿದರು, ಡಾಕ್ಟರಮ್ಮನನ್ನು ನೋಡಿದರು.

"ಆರು ಗಂಟೆಗೆ ಹಚ್ಚಿದ್ರಿ, ಎಂಟಕ್ಕೆ ಅದೇ ಜಾಗದಲ್ಲಿ ಚುಚ್ಚಿದ್ರು," ಎಂದರು ಡಾಕ್ಟರಮ್ಮ. "ಚರ್ಮದ ಮೇಲೆ ಉಳಿದಿದ್ದ ಜೆಲ್ ಸೂಜಿ ಜೊತೆ ಹೋಗಿ ರಕ್ತಕ್ಕೆ ಸೇರ್ಕೊಂಡಿದೆ. ಯಂತ್ರ ಅದನ್ನೂ ಸೇರಿಸಿ ತೂಗಿದೆ. ಆರು ಸಾವಿರ ನಿಮ್ಮ ಮೈಯಲ್ಲಿಲ್ಲ, ಆ ಮಡಿಕೆಯಲ್ಲಿತ್ತು."

"ನಾನು ಹೇಳ್ಲಿಲ್ವಾ, ಸ್ವೆಟರ್ ಮೇಲೆ ಅಳತೆ," ಎಂದರು ಹೆಂಡತಿ, ಯಾರಿಗೂ ಅಲ್ಲ, ಕಿಟಕಿಗೆ.

ಸಾಹೇಬರು ತಮ್ಮ ಮೊಣಕೈಯನ್ನು ಗುಜರಿಯವನ ತಕ್ಕಡಿಯನ್ನು ನೋಡಿದಂತೆ ನೋಡುತ್ತಿದ್ದರು. "ತಟ್ಟೆ ನಂದು," ಎಂದರು ಕೊನೆಗೆ. "ಅಂಟೂ ನಂದು."

ನಿಲ್ಲಿಸುವ ಮಾತೇ ಬರಲಿಲ್ಲ. ನಾಳೆಯಿಂದ ಮತ್ತೆ ಹಚ್ಚಿ, ಭುಜಕ್ಕೆ ಮಾತ್ರ. ಪರೀಕ್ಷೆಯ ದಿನ ಒಂದೇ ಭುಜಕ್ಕೆ ಹಚ್ಚಿ ಇನ್ನೊಂದು ಕೈಯಿಂದ ರಕ್ತ ಕೊಡಿ. ಎಷ್ಟು ಗಂಟೆಗೆ ಹಚ್ಚಿದಿರೆಂದು ನರ್ಸಿಗೆ ಹೇಳಿ, ಗಂಟೆ ಗೊತ್ತಿಲ್ಲದೆ ಈ ಅಂಕಿಯನ್ನು ಓದಲಾಗುವುದಿಲ್ಲ. ಹತ್ತು ದಿನ ಬಿಟ್ಟು ನೋಡೋಣ ಎಂದರು ಡಾಕ್ಟರಮ್ಮ. ಸಾಹೇಬರು ಅದನ್ನೆಲ್ಲ ಹತ್ತು ಕಲಮುಗಳಾಗಿ ಬರೆದುಕೊಂಡರು. ಕೊನೆಗೆ ಪತ್ರದ ನಾಲ್ಕು ಪ್ರತಿಗಳನ್ನು ಡಾಕ್ಟರಮ್ಮನ ಕಡೆ ಸರಿಸಿ, ನಿಮ್ಮ ಮುಖ್ಯ ಅಳತೆ ಅಧಿಕಾರಿಗಳಿಗೆ ತಲುಪಿಸಿ ಎಂದರು. ಡಾಕ್ಟರಮ್ಮ ಪತ್ರ ಓದಿದರು. ಎರಡನೆಯ ಸಲ ಓದಿದರು. ಅಂಥ ಹುದ್ದೆ ತಮ್ಮಲ್ಲಿ ಇಲ್ಲವೆಂದು ತುಂಬ ಮೆಲ್ಲಗೆ ಹೇಳಿದರು. ರಕ್ತದ ಅಂಕಿಗಿಂತ ದೊಡ್ಡ ಆಘಾತ ಸಾಹೇಬರಿಗೆ ಆಗಲೇ ಆದದ್ದು. ಅಂಕಿ ಸುಳ್ಳಾಗಬಹುದು ಎಂದು ಒಪ್ಪಬಹುದು, ಅಧಿಕಾರಿಯೇ ಇಲ್ಲವೆಂದರೆ ಹೇಗೆ?

ಹಿಂದಿರುಗುವಾಗ ಅವರು ಗುಜರಿ ಅಂಗಡಿಯ ಮುಂದೆ ನಿಂತರು. ಅಂದು ತಾನು ಕಟುವಾಗಿ ಮಾತಾಡಿದ್ದೆ, ಅಂಟಿದ್ದು ನಿನಗೆ ನಿಜವಾಗಿಯೂ ಗೊತ್ತಿಲ್ಲದೆ ಇದ್ದಿರಬಹುದು, ಮನುಷ್ಯರಿಗೆ ಹಾಗಾಗುತ್ತದೆ ಎಂದರು. ಒಬ್ಬ ಇನ್ಸ್‌ಪೆಕ್ಟರ ಬಾಯಲ್ಲಿ ಇಂಥ ಮಾತು ಕೇಳಿ ಗುಜರಿಯವನಿಗೆ ಎಷ್ಟು ಗಾಬರಿಯಾಯಿತೆಂದರೆ, "ಇಲ್ಲ ಸಾರ್, ನಾನೇ ಅಂಟ್ಸಿದ್ದು, ಜಗಿದಿದ್ದೂ ನಾನೇ," ಎಂದು ಒಪ್ಪಿಕೊಂಡುಬಿಟ್ಟ. ಅಲ್ಲಿಂದ ಸಾಹೇಬರು ನೆಟ್ಟಗೆ ವ್ಯಾಯಾಮಶಾಲೆಗೆ ಹೋಗಿ ಡಂಬೆಲ್ ಜಪ್ತಿ ಮಾಡಿದರು.

ಹತ್ತು ದಿನದ ಮೇಲೆ ಮತ್ತೆ ರಿಪೋರ್ಟ್ ಬಂತು. ಐನೂರ ನಲವತ್ತು. ಕಪ್ಪಕ್ಷರ, ಬಾಣವಿಲ್ಲ. ಮುನ್ನೂರಕ್ಕೂ ಸಾವಿರಕ್ಕೂ ನಡುವೆ, ತಕ್ಕಡಿಯ ಮುಳ್ಳಿನ ಹಾಗೆ. ಹೆಂಡತಿ ಟೇಪು ಕುತ್ತಿಗೆಗೆ ಹಾಕಿಕೊಂಡೇ ಬಂದು ನೋಡಿದರು. "ಒಬ್ರೇ ಉಳಿದ್ರಾ," ಎಂದರು. "ಸದ್ಯ. ಏಳು ಜನಕ್ಕೆ ಅಡುಗೆ ಮಾಡೋಕೆ ನನ್ನಿಂದ ಆಗ್ತಿರ್ಲಿಲ್ಲ."

ಅವರು ತಮ್ಮನಿಗೂ ಅಂಕಿ ತಿಳಿಸಿದ ಸ್ವಲ್ಪ ಹೊತ್ತಿಗೆ ಸಾಹೇಬರ ಫೋನ್ ರಿಂಗಾಯಿತು. ಗಂಟಲು ಸರಿಪಡಿಸಿಕೊಳ್ಳುವ ಸದ್ದು, ಮೂವತ್ತು ವರ್ಷ ಸರ್ವೀಸಾದ ದನಿ.

"ಮುಖ್ಯ ಅಳತೆ ಅಧಿಕಾರಿ ಮಾತಾಡ್ತಾ ಇರೋದು. ತಮ್ಮ ದಾಸ್ತಾನಿನಲ್ಲಿ ಆರು ಸಾವಿರದ ಮುನ್ನೂರು ಕೊರತೆ ಕಂಡುಬಂದಿದೆ. ಆರು ಜನ ಗಂಡಸರು ಎಲ್ಲಿಗೆ ಹೋದ್ರು ಅಂತ ಇಪ್ಪತ್ನಾಲ್ಕು ಗಂಟೆಯೊಳಗೆ ವಿವರಣೆ ಕೊಡಬೇಕು."

ಸಾಹೇಬರು ಅಭ್ಯಾಸಬಲದಿಂದ ಎದ್ದು ನಿಂತು ಅಂಗಿಯ ಗುಂಡಿಗೆ ಕೈ ಹಾಕಿದರು. ಆ ಕಡೆಯಿಂದ ದೂರದಲ್ಲ, ತುಂಬ ಹತ್ತಿರದಲ್ಲಿ, ಬಸ್ಸೊಂದು ಹಾರನ್ ಹೊಡೆಯಿತು. ಕೈ ಗುಂಡಿಯ ಮೇಲೇ ನಿಂತಿತು. ತಟ್ಟೆಯ ಅಡಿಗೆ ಬೆರಳಾಡಿಸಿ ಅಂಟು ಸಿಕ್ಕಾಗ ಅವರ ಮುಖದಲ್ಲಿ ಮೂಡುವ ಕಳೆ ಈಗ ನಿಧಾನವಾಗಿ ಮೂಡಿತು.

"ಸಾರ್," ಎಂದರು ಅತ್ಯಂತ ವಿನಯದಿಂದ, "ಆರು ಜನಾನೂ ಬಸ್ ಸ್ಟ್ಯಾಂಡಲ್ಲಿ ಕಾಯ್ತಾ ಇದಾರೆ. ಯಾವ ಪ್ಲಾಟ್‌ಫಾರ್ಮು ಅಂತ ಕೂಗೋನು ಡ್ಯೂಟಿ ಬಿಟ್ಟು ಫೋನಲ್ಲಿದಾನೆ."

ಆ ಕಡೆಯಿಂದ, ಮೂವತ್ತು ವರ್ಷದ ಸರ್ವೀಸನ್ನು ಒಂದೇ ಕ್ಷಣದಲ್ಲಿ ಕಳೆದುಕೊಂಡ ಒಂದು ಎಳೆಯ ದನಿ: "ಭಾವಾ..."

ಅಷ್ಟೇ. ಹೊಟ್ಟೆಯಲ್ಲಿ ಗುಡುಗಿತು. ಹೆಡ್‌ಮಿಸ್ಸಿನ ಸರಪಳಿ, ತಿರುಗಿಸಿಟ್ಟ ಚೌಕಟ್ಟು, ಕಿಟಕಿಗೆ ಅಂಟಿದ ಉಪನಿಯಂತ್ರಕರು, ಅವರೆಲ್ಲರ ನಡುವೆ ಹಳದಿ ಕೈಗಳ ತಾನು ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಗಂಟಲಲ್ಲಿ ಸಿಡಿಯಿತು. ಫೋನಿನಲ್ಲಿ ಭಾವಮೈದುನ ನಗುತ್ತಿದ್ದ, ಬಾಗಿಲಲ್ಲಿ ಹೆಂಡತಿ ನಗುತ್ತಿದ್ದರು, ಅವೆರಡನ್ನೂ ಮುಳುಗಿಸಿ ಸಾಹೇಬರ ನಗು ಹೋಗಿ ಕಿಟಕಿಯ ಗಾಜನ್ನು ತಲುಪಿತು. ಗಾಜು ನಡುಗಿತು.

ಮೇಲಿನ ಮಹಡಿಯಲ್ಲಿ ಟೇಬಲ್ಲು ಸರಿದ ಸದ್ದಾಯಿತು. ನಂತರ ಎರಡು ವರ್ಷ ನಿರುದ್ಯೋಗಿಯಾಗಿದ್ದ ಕೋಲು ನೆಲಕ್ಕೆ ಕುಟ್ಟಿತು: ಒಂದು, ಎರಡು, ಮೂರು.

"ಪತ್ರ ರದ್ದಾಯ್ತು ರೀ," ಎಂದರು ಹೆಂಡತಿ, ಟೇಪಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ.

ಸಾಹೇಬರಿಗೆ ಕೇಳಿಸಲಿಲ್ಲ. ಅವರು ನಗುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಆ ನಗುವನ್ನು ತೂಗಿದ್ದರೆ, ಆರೂ ಮುಕ್ಕಾಲಿಗೆ ಒಂದು ಗ್ರಾಮೂ ಕಡಿಮೆ ಬರುತ್ತಿರಲಿಲ್ಲ.